ಕೈ ಜೋಮು ಹಿಡಿಯತ್ತೆ, ಊದ್ಕೊಳ್ಳತ್ತೆ, "ನರ ಒತ್ತಿದೆ" ಅಂತಾರೆ. ಯಾವ ನರ?

ನೀವು ಬರೆದಿರೋದನ್ನ ಎರಡು ಸಲ ಓದಿದೆ. ಬಲಗೈ ಕಿರುಬೆರಳು, ಉಂಗುರಬೆರಳು ಆರು ತಿಂಗಳಿಂದ ಜೋಮು, ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಂಡು ನಿಂತ್ರೆ ಎರಡು ನಿಮಿಷಕ್ಕೆ ಕೈ ಸೋತುಹೋಗತ್ತೆ, ಒಬ್ಬ ಡಾಕ್ಟ್ರು ಕಾರ್ಪಲ್ ಟನಲ್, ಅಂದ್ರೆ ಮಣಿಕಟ್ಟಲ್ಲಿ ನರ ಒತ್ತಿದೆ ಅಂತ ಅಲ್ಲಿಗೆ ಪಟ್ಟಿ ಕೊಟ್ರು, ಇನ್ನೊಬ್ರು ಸ್ಪಾಂಡಿಲೋಸಿಸ್, ಅಂದ್ರೆ ಕತ್ತಿನ ಮೂಳೆ ಸವೆತ ಅಂತ ಕತ್ತಿಗೆ ಕಾಲರ್ ಹಾಕಿಸಿದ್ರು, ಎರಡರಿಂದಲೂ ಏನೂ ಆಗಲಿಲ್ಲ, ಮೂರನೆಯವರು "ನರ ಒತ್ತಿದೆ, ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಇರಬಹುದು" ಅಂದಿದಾರೆ (ಕತ್ತಿನ ಬುಡದ ಇಕ್ಕಟ್ಟಿನ ದಾರೀಲಿ ಕೈಗೆ ಹೋಗೋ ನರ ಅಥವಾ ರಕ್ತನಾಳ ಒತ್ತೋ ಕಾಯಿಲೆ), ಆಪರೇಷನ್ ಬೇಕೇ ಬೇಕಾ ಅಂತ ಕೇಳಿದೀರಿ. ಸರಿ. ಆದ್ರೆ ಕೊನೇಲಿ ಮರೆತು ನೆನಪಾದವರ ಥರ ಒಂದು ಲೈನ್ ಸೇರಿಸಿದೀರಲ್ಲ, ಕಳೆದ ವಾರ ಜಿಮ್ಮಿಂದ ಬಂದ ಮೇಲೆ ಇಡೀ ಕೈ ಊದಿತ್ತು, ಸ್ವಲ್ಪ ನೀಲಿ ಥರ ಕಾಣ್ತಿತ್ತು ಅಂತ, ನನಗೆ ಭಯ ಆಗಿದ್ದು ಅದನ್ನ ಓದಿ.

ಆ ಊತ ಇವತ್ತೂ ಇದ್ರೆ, ಅಥವಾ ಭುಜದ ಹತ್ರ, ಎದೆ ಮೇಲ್ಭಾಗದಲ್ಲಿ ಮೊದಲಿಲ್ಲದ ನೀಲಿ ಗೆರೆಗಳು ಎದ್ದು ಕಾಣ್ತಿದ್ರೆ, ಇದನ್ನ ಓದೋದು ಬಿಟ್ಟು ಮೊದಲು ಹೋಗಿ ಕೈಗೆ ವೀನಸ್ ಡಾಪ್ಲರ್ (ರಕ್ತನಾಳದಲ್ಲಿ ರಕ್ತ ಸರಿಯಾಗಿ ಹರೀತಿದೆಯಾ ನೋಡೋ ಸ್ಕ್ಯಾನ್) ಮಾಡಿಸಿ. ಇವತ್ತೇ. ಉಸಿರು ಕಟ್ಟೋದು, ಎದೆ ನೋವು ಏನಾದ್ರೂ ಇದ್ರೆ ಸೀದಾ ಎಮರ್ಜೆನ್ಸಿಗೆ ಹೋಗಿ.

ನಾನು ಡಾಕ್ಟ್ರಲ್ಲ, ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋ ಮೇಷ್ಟ್ರು. ಹದಿನೆಂಟು ವರ್ಷ ಕೈ ಮೇಲೆತ್ತಿ ಬೋರ್ಡಲ್ಲಿ ಬರೆದೋನು, ಇದೇ ಕಾಯಿಲೆಗೆ ಎರಡು ವರ್ಷ ಅಲೆದೋನು. ಅಷ್ಟೇ ನನ್ನ ಕ್ವಾಲಿಫಿಕೇಷನ್ನು.

ನಾನು ಅಲೆದಿದ್ದಕ್ಕೆ ಅರ್ಧ ಕಾರಣ ನಮ್ಮ "ನರ" ಅನ್ನೋ ಪದ ಅಂತ ಈಗ ಅನ್ಸತ್ತೆ. ಡ್ರಿಪ್ ಹಾಕೋವಾಗ ಸಿಸ್ಟರ್ "ನರ ಸಿಗ್ತಿಲ್ಲ" ಅಂತಾರೆ, ಅದು ರಕ್ತನಾಳ. ಸಯಾಟಿಕಾ ಬಂದ್ರೆ "ನರ ಹಿಡ್ಕೊಂಡಿದೆ" ಅಂತೀವಿ, ಅದು ನಿಜವಾದ ನರ. ಮೀನಖಂಡ ಸೆಳೆದ್ರೆ "ನರದ ಮೇಲೆ ನರ ಹತ್ತಿದೆ" ಅಂತೀವಿ, ಅದು ಎರಡೂ ಅಲ್ಲ, ಸ್ನಾಯು. ಮೂರಕ್ಕೂ ಒಂದೇ ಪದ. ಥೊರಾಸಿಕ್ ಔಟ್‌ಲೆಟ್ಟಲ್ಲಿ ಈ ಗೊಂದಲ ದುಬಾರಿ ಆಗತ್ತೆ, ಯಾಕಂದ್ರೆ ಅಲ್ಲಿ ನಿಜವಾದ ನರ, ಹೃದಯದಿಂದ ಕೈಗೆ ಬರೋ ರಕ್ತನಾಳ, ಕೈಯಿಂದ ವಾಪಸ್ ಹೋಗೋ ರಕ್ತನಾಳ ಎಲ್ಲಾ ಒಂದೇ ಇಕ್ಕಟ್ಟಿನ ದಾರೀಲಿ ಹೋಗತ್ವೆ, ಯಾವುದು ಸಿಕ್ಕಿಹಾಕ್ಕೊಂಡಿದೆ ಅನ್ನೋದರ ಮೇಲೆ ನಿಮಗೆ ಮೂರು ತಿಂಗಳು ಟೈಮ್ ಇದೆಯಾ ಮೂರು ದಿನ ಇದೆಯಾ ಅನ್ನೋದು ನಿಂತಿರತ್ತೆ.

ಆ ದಾರಿ ಎಲ್ಲಿದೆ ಅಂದ್ರೆ, ಕಾಲರ್ ಬೋನ್ ಮೇಲೆ ಕತ್ತಿನ ಬುಡದಲ್ಲಿ ಬೆರಳಿಟ್ಟು ನೋಡಿ, ಅಲ್ಲಿ ಸ್ಕೇಲೀನ್ ಅನ್ನೋ ಸ್ನಾಯುಗಳು ಕತ್ತಿನ ಮೂಳೆಯಿಂದ ಇಳಿದು ಮೊದಲನೇ ಪಕ್ಕೆಲುಬಿಗೆ ಅಂಟಿರತ್ವೆ. ಮುಂದಿನ ಸ್ಕೇಲೀನ್ ಮತ್ತೆ ಮಧ್ಯದ ಸ್ಕೇಲೀನ್ ನಡುವಿನ ಸಂದಿನಲ್ಲಿ ಕೈಗೆ ಹೋಗೋ ನರಗಳ ಕಟ್ಟು, ಅಂದ್ರೆ ಬ್ರೇಕಿಯಲ್ ಪ್ಲೆಕ್ಸಸ್, ಜೊತೆಗೆ ಶುದ್ಧ ರಕ್ತದ ನಾಳ ಹೋಗತ್ತೆ. ವಾಪಸ್ ಬರೋ ನಾಳ ಆ ಸಂದಿಯಲ್ಲಿಲ್ಲ, ಅದು ಇನ್ನೂ ಮುಂದೆ, ಕಾಲರ್ ಬೋನಿಗೂ ಮೊದಲನೇ ಪಕ್ಕೆಲುಬಿಗೂ ಮಧ್ಯೆ, ಅಡಕತ್ತರಿ ಬಾಯಲ್ಲಿ ಅಡಕೆ ಇದ್ದಂಗೆ ಇರತ್ತೆ. ಕೈ ಎತ್ತಿದಾಗೆಲ್ಲ ಅಡಕತ್ತರಿ ಮುಚ್ಕೊಳ್ಳತ್ತೆ. ಈ ಕಾಯಿಲೆ ಇರೋ ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ಒತ್ತೋದು ನಿಜವಾದ ನರನೇ, ವಾಪಸ್ ಬರೋ ನಾಳ ಒತ್ತೋದು ಕೆಲವೇ ಜನಕ್ಕೆ, ಶುದ್ಧ ರಕ್ತದ ನಾಳ ಒತ್ತೋದು ನೂರಕ್ಕೆ ಒಬ್ರಿಗೆ ಅನ್ನೋ ಲೆಕ್ಕ. ಆ ಕೊನೇದರಲ್ಲಿ ಕೈ ಬಿಳಿಚಿಕೊಂಡು ತಣ್ಣಗಾಗತ್ತೆ, ಬೆರಳ ತುದಿ ಕಪ್ಪಾಗಬಹುದು, ಅದೂ ಕಾಯೋ ಕೇಸಲ್ಲ.

ನನ್ನದು ನರದ್ದು. ಎಸ್ಸೆಸ್ಸೆಲ್ಸಿ ಪೇಪರ್ ವ್ಯಾಲ್ಯುಯೇಷನ್ ಮಾಡ್ತಾ ಕೂತಾಗ ಕೆಂಪು ಪೆನ್ನು ಕೈಯಿಂದ ಜಾರೋಕೆ ಶುರುವಾಯ್ತು, ಜೊತೇಲಿದ್ದೋರು "ಬಿಪಿ ನೋಡ್ಕೊಳ್ಳಿ ಮೇಷ್ಟ್ರೇ" ಅಂದ್ರು. ನಿಮ್ಮ ಥರಾನೇ ಮೊದಲು ಕಾರ್ಪಲ್ ಟನಲ್ ಅಂದ್ರು. ಆಮೇಲೆ ಕತ್ತಿನ ಎಂಆರ್‌ಐ ಮಾಡಿಸಿ ಸಿ-5 ಸಿ-6 ಡಿಸ್ಕ್ ಸವೆದಿದೆ ಅಂದ್ರು, ನಲವತ್ತೈದು ದಾಟಿದ ಯಾರ ಕತ್ತಿನ ಎಂಆರ್‌ಐ ತೆಗೆದ್ರೂ ಏನೋ ಒಂದು ಸವೆದೇ ಇರತ್ತೆ, ಅದೇ ನನ್ನ ಕಾಯಿಲೆ ಅಂತ ತೀರ್ಮಾನ ಆಗೋಯ್ತು. ಕೊನೆಗೆ ಒಬ್ಬ ವಯಸ್ಸಾದ ನ್ಯೂರಾಲಜಿಸ್ಟು ಫೈಲ್ ಮುಚ್ಚಿಟ್ಟು "ಮೇಷ್ಟ್ರೇ, ಜೋಮು ಎಲ್ಲೆಲ್ಲಿದೆ, ಪೆನ್ನಲ್ಲಿ ನಿಮ್ಮ ಕೈ ಮೇಲೇ ಗೆರೆ ಹಾಕಿ ತೋರ್ಸಿ" ಅಂದ್ರು. ನಾನು ಕಿರುಬೆರಳು, ಅರ್ಧ ಉಂಗುರಬೆರಳು, ಅಲ್ಲಿಂದ ಮುಂಗೈ ಒಳಭಾಗದಲ್ಲಿ ಮೊಣಕೈವರೆಗೂ ಗೆರೆ ಎಳೆದೆ. ಅವರು ಅದನ್ನ ನೋಡಿ ಅರ್ಧ ಡಯಾಗ್ನೋಸಿಸ್ ಮುಗೀತು ಅಂದ್ರು.

ಅವರು ಹೇಳಿದ್ದು ಇಷ್ಟು. ಕಾರ್ಪಲ್ ಟನಲ್ ಆದ್ರೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯತ್ತೆ, ಕಿರುಬೆರಳು ಆ ನರದ ಏರಿಯಾ ಅಲ್ಲವೇ ಅಲ್ಲ. ಮೊಣಕೈ ಹತ್ರ ಅಲ್ನಾರ್ ನರ ಒತ್ತಿದ್ರೆ ಕಿರುಬೆರಳು ಜೋಮು ಹಿಡಿಯತ್ತೆ ನಿಜ, ಆದ್ರೆ ಮುಂಗೈ ಒಳಭಾಗ ಚೆನ್ನಾಗೇ ಇರತ್ತೆ, ಯಾಕಂದ್ರೆ ಆ ಚರ್ಮಕ್ಕೆ ಬರೋ ನರ ಬೇರೆ, ಅದು ಕಂಕುಳ ಹತ್ರಾನೇ ಕವಲೊಡೆದು ಬಂದಿರತ್ತೆ. ಎರಡೂ ಜೋಮು ಅಂದ್ರೆ ತೊಂದರೆ ಇನ್ನೂ ಮೇಲಿದೆ. ಆಮೇಲೆ ನನ್ನ ಹೆಬ್ಬೆರಳ ಬುಡದ ದಪ್ಪ ಮಾಂಸ ಎಡಗೈಗಿಂತ ಕರಗಿರೋದನ್ನ ತೋರಿಸಿದ್ರು, ಎರಡು ವರ್ಷ ನಾನೇ ಗಮನಿಸಿರಲಿಲ್ಲ, ಅಂಗಿ ಗುಂಡಿ ಹಾಕೋಕೆ ಕಷ್ಟ ಆಗ್ತಿದ್ದಿದ್ದು ಅದಕ್ಕೆ. ಜೋಮು ಕಿರುಬೆರಳಲ್ಲಿ, ಕರಗಿರೋದು ಹೆಬ್ಬೆರಳ ಕಡೆ, ಈ ಜೋಡಿಗೆ ಗಿಲಿಯಟ್-ಸಮ್ನರ್ ಹ್ಯಾಂಡ್ ಅಂತಾರಂತೆ. ನೀವೂ ಈಗಲೇ ಎರಡು ಅಂಗೈ ಪಕ್ಕಪಕ್ಕ ಇಟ್ಟು ನೋಡ್ಕೊಳ್ಳಿ.

ಟೆಸ್ಟ್ ವಿಷಯಕ್ಕೆ ಬಂದ್ರೆ, ಈ ಕಾಯಿಲೆಗೆ ಇದೇ ಅಂತ ಹೇಳೋ ಒಂದು ಟೆಸ್ಟ್ ಇಲ್ಲ, ಬೇರೆಯವನ್ನ ಒಂದೊಂದಾಗಿ ತಳ್ಳಿಹಾಕ್ತಾ ಬರಬೇಕು. ಎರಡೂ ಕೈ ಕಳ್ಳ ಪೊಲೀಸರಿಗೆ ಶರಣಾಗೋ ಥರ ಮೇಲೆತ್ತಿಸಿ ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿಸ್ತಾರೆ, ನಾನು ಒಂದೂವರೆ ನಿಮಿಷಕ್ಕೇ ಕೈ ಇಳಿಸಿಬಿಟ್ಟೆ. ಕತ್ತು ತಿರುಗಿಸಿ ನಾಡಿ ನಿಲ್ಲತ್ತಾ ನೋಡೋ ಆಡ್ಸನ್ ಟೆಸ್ಟ್ 1927ರಿಂದ ಇದೆ, ಆದ್ರೆ ಏನೂ ತೊಂದರೆ ಇಲ್ಲದ ಎಷ್ಟೋ ಜನಕ್ಕೂ ಅದರಲ್ಲಿ ನಾಡಿ ಮಾಯ ಆಗತ್ತೆ, ಅದೊಂದನ್ನೇ ನಂಬ್ಕೊಂಡು ಯಾರಾದ್ರೂ ಆಪರೇಷನ್ ಅಂದ್ರೆ ಎದ್ದು ಬನ್ನಿ. ಕತ್ತು ಮತ್ತೆ ಎದೆ ಎಕ್ಸ್‌ರೇ ತೆಗೆಸಿ, ಇನ್ನೂರು ಮುನ್ನೂರು ರೂಪಾಯಿ ಎಕ್ಸ್‌ರೇನ ಎಲ್ಲರೂ ಮರೀತಾರೆ. ಅದರಲ್ಲೇ ನನಗೆ ಕತ್ತಿನ ಕೊನೇ ಮೂಳೆಯಿಂದ ಹುಟ್ಟಿದ ಒಂದು ಎಕ್ಸ್‌ಟ್ರಾ ಪಕ್ಕೆಲುಬು ಕಾಣಿಸ್ತು, ಸರ್ವೈಕಲ್ ರಿಬ್ ಅಂತಾರೆ, ನೂರಕ್ಕೆ ಒಬ್ರಿಗೆ ಇರಬಹುದು ಅಷ್ಟೇ, ಇರೋರಲ್ಲೂ ಬಹುಪಾಲು ಜನಕ್ಕೆ ಸಾಯೋವರೆಗೂ ಗೊತ್ತಾಗಲ್ಲ. ಬೀಡಿ ಸಿಗರೇಟ್ ಸೇದೋರಾದ್ರೆ ಎದೆ ಎಕ್ಸ್‌ರೇ ಇನ್ನೂ ಮುಖ್ಯ, ಶ್ವಾಸಕೋಶದ ತುದೀಲಿ ಗಡ್ಡೆ ಬೆಳೆದ್ರೂ ಇದೇ ನರ ಒತ್ತಿ ಇದೇ ಕಿರುಬೆರಳು ಜೋಮು ಹಿಡಿಯತ್ತೆ. ನರ್ವ್ ಕಂಡಕ್ಷನ್ ಟೆಸ್ಟಿಗೆ (ನರದಲ್ಲಿ ಕರೆಂಟ್ ಸರಿಯಾಗಿ ಹರಿಯತ್ತಾ ನೋಡೋದು) ಬರ್ಕೊಟ್ರೆ ಮುಂಗೈ ಒಳಭಾಗದ ಚರ್ಮದ ನರಾನೂ ನೋಡಿ ಅಂತ ಕೇಳಿ, ನನ್ನ ಮೊದಲನೇ ಟೆಸ್ಟಲ್ಲಿ ಮಣಿಕಟ್ಟು, ಮೊಣಕೈ ಮಾತ್ರ ನೋಡಿ ಕೈ ತೊಳ್ಕೊಂಡಿದ್ರು. ಈ ಟೆಸ್ಟ್ ನಾರ್ಮಲ್ ಬಂದ ಮಾತ್ರಕ್ಕೆ "ಎಲ್ಲಾ ನಿಮ್ಮ ಮನಸ್ಸಲ್ಲಿದೆ" ಅನ್ನೋ ಹಾಗಿಲ್ಲ, ನರದ ಕೇಸಲ್ಲೇ ಬಹಳಷ್ಟು ಜನಕ್ಕೆ ನಾರ್ಮಲ್ಲೇ ಬರತ್ತೆ. ಅಂಥೋರಿಗೆ ಅಲ್ಟ್ರಾಸೌಂಡ್ ನೋಡ್ಕೊಂಡು ಸ್ಕೇಲೀನ್ ಸ್ನಾಯುಗೆ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ, ಅವತ್ತು ಕೆಲವು ಗಂಟೆ ಕೈ ಹಗುರಾದ್ರೆ ತೊಂದರೆ ಅಲ್ಲೇ ಇದೆ ಅಂತ ಲೆಕ್ಕ.

ಈಗ ನಾನು ಆಪರೇಷನ್ನಿಗೆ ಆಸ್ಪತ್ರೇಲಿದ್ದಾಗ ಪಕ್ಕದ ಬೆಡ್ಡಲ್ಲಿದ್ದ ಹುಡುಗನ ಕಥೆ. ಇಪ್ಪತ್ತೆರಡು ವರ್ಷ, ವಾಲಿಬಾಲ್ ಆಡೋನು, ಟೂರ್ನಮೆಂಟ್ ಮುಗಿಸಿ ಬಂದ ರಾತ್ರಿ ಬಲಗೈ ಊದಿ ಭಾರ ಆಗಿದೆ. ಮನೇಲಿ "ನರ ಉಳುಕಿದೆ" ಅಂತ ತೀರ್ಮಾನಿಸಿ ಉಳುಕು ತೆಗೆಯೋರ ಹತ್ರ ಕರ್ಕೊಂಡು ಹೋಗಿ ಎಣ್ಣೆ ಹಾಕಿ ಮೂರು ದಿನ ಚೆನ್ನಾಗಿ ನೀವಿಸಿದಾರೆ. ಅದು ಉಳುಕಲ್ಲ, ಕಾಲರ್ ಬೋನ್ ಕೆಳಗೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪ್ಯಾಜೆಟ್-ಶ್ರೋಟರ್ ಅಂತಾರೆ, 1875ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್, 1884ರಲ್ಲಿ ವಿಯೆನ್ನಾದ ಫಾನ್ ಶ್ರೋಟರ್ ಬರೆದಿಟ್ಟಿದ್ದಕ್ಕೆ ಆ ಹೆಸರು. ಗಟ್ಟಿಮುಟ್ಟಾಗಿರೋ ವಯಸ್ಸಿನ ಹುಡುಗರಿಗೇ, ಕೈ ಮೇಲೆತ್ತಿ ದಣಿಯೋರಿಗೇ ಇದು ಹೆಚ್ಚಾಗಿ ಬರೋದು, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ, ಅಂಥ ಕೈನ ನೀವಿಸಿದಾರೆ ಅಂತ ಕೇಳಿ ನನಗೆ ಮೈ ಜುಮ್ ಅಂತು. ಅವನ ಅದೃಷ್ಟಕ್ಕೆ ಹಾಗಾಗಲಿಲ್ಲ. ರಕ್ತ ತೆಳು ಮಾಡೋ ಔಷಧಿ ಶುರು ಮಾಡಿ, ತೋಳಿಂದ ಸಣ್ಣ ಟ್ಯೂಬ್ ಬಿಟ್ಟು ಹೆಪ್ಪು ಇರೋ ಜಾಗಕ್ಕೇ ಕರಗಿಸೋ ಔಷಧಿ ಹಾಕಿದ್ರು. ಇದು ಮೊದಲ ಎರಡು ವಾರದೊಳಗೆ ಮಾಡಿದ್ರೆ ಚೆನ್ನಾಗಿ ಕರಗತ್ತೆ, ಆಮೇಲೆ ಹೆಪ್ಪು ಗಟ್ಟಿಯಾಗಿ ಗೋಡೆಗೆ ಅಂಟ್ಕೊಳ್ಳತ್ತೆ. ಆಮೇಲೆ ಮೊದಲನೇ ಪಕ್ಕೆಲುಬು ತೆಗೆದ್ರು, ಅಡಕತ್ತರಿಯ ಒಂದು ಬಾಯಿ ತೆಗೆದ ಹಾಗೆ. ಪಕ್ಕೆಲುಬು ಹಾಗೇ ಬಿಟ್ಟು ಬರೀ ಸ್ಟೆಂಟ್ ಹಾಕಿ ಕಳಿಸ್ತೀವಿ ಅಂತ ಯಾರಾದ್ರೂ ಅಂದ್ರೆ ಇನ್ನೊಬ್ಬ ವ್ಯಾಸ್ಕ್ಯುಲರ್ ಸರ್ಜನ್ ಹತ್ರ ಕೇಳಿ, ಅಲ್ಲಿ ಸ್ಟೆಂಟೇ ಜಜ್ಜಿ ಮುರಿಯತ್ತೆ. ಇನ್ನೊಂದು, ನಾಳ ಮೂಳೆ ಮರೇಲಿರೋದ್ರಿಂದ ಡಾಪ್ಲರಲ್ಲಿ ಕೆಲವು ಸಲ ಹೆಪ್ಪು ಕಾಣಲ್ಲ, ಊತ ಇದ್ದೂ ರಿಪೋರ್ಟ್ ನಾರ್ಮಲ್ ಬಂದ್ರೆ ವೀನೋಗ್ರಾಮ್ (ನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇಲಿ ನೋಡೋದು) ಬೇಕಾ ಅಂತ ಕೇಳಲೇಬೇಕು.

ನಿಮ್ಮ ಪ್ರಶ್ನೆಗೆ ಬರ್ತೀನಿ. ಡಾಪ್ಲರಲ್ಲಿ ಏನೂ ಇಲ್ಲ, ಬರೀ ನರದ್ದೇ ಅಂತಾದ್ರೆ ಆಪರೇಷನ್ನಿಗೆ ಆತುರ ಬೇಡ, ಮೂರು ತಿಂಗಳು ನಿಯತ್ತಾಗಿ ಫಿಸಿಯೋಥೆರಪಿ ಮಾಡಿ. ಈ ಕಾಯಿಲೆ ನೋಡಿ ಅಭ್ಯಾಸ ಇರೋ ಫಿಸಿಯೋ ಬೇಕು, ಕತ್ತಿಗೆ ಟ್ರಾಕ್ಷನ್ ಹಾಕಿ ಎಳೆದು ಕಳಿಸೋರಲ್ಲ, ನನಗೆ ಅದರಿಂದ ನೋವು ಜಾಸ್ತಿನೇ ಆಗಿದ್ದು. ನನಗೆ ಮೊದಲ ಎರಡು ವಾರ ಬರೀ ಉಸಿರಾಡೋದನ್ನ ಹೇಳ್ಕೊಟ್ರು, ನಗಬೇಡಿ, ಎದೆ ಮೇಲೆತ್ತಿ ಉಸಿರೆಳೆಯೋ ಅಭ್ಯಾಸ ಇರೋರಿಗೆ ಪ್ರತಿ ಉಸಿರಿಗೂ ಸ್ಕೇಲೀನ್ ಬಿಗಿಯಾಗತ್ತೆ, ಹೊಟ್ಟೆಯಿಂದ ಉಸಿರಾಡೋದು ಕಲಿತ್ರೆ ಅದಕ್ಕೆ ರೆಸ್ಟು. ಆಮೇಲೆ ಎದೆ ಮುಂದಿನ ಸ್ನಾಯು ಸಡಿಲ ಮಾಡೋದು, ಬೆನ್ನಿನ ರೆಕ್ಕೆಮೂಳೆ ಹಿಡಿದಿಡೋ ಸ್ನಾಯು ಗಟ್ಟಿ ಮಾಡೋದು. ಜಿಮ್ಮಲ್ಲಿ ತಲೆ ಮೇಲೆ ಭಾರ ಎತ್ತೋದು ಸದ್ಯಕ್ಕೆ ಬಂದ್, ಒಂದೇ ಭುಜಕ್ಕೆ ಲ್ಯಾಪ್‌ಟಾಪ್ ಬ್ಯಾಗ್ ನೇತಾಕೋದೂ ಬಂದ್, ಕೈ ತಲೆ ಕೆಳಗಿಟ್ಟು ಮಲಗೋದೂ ಬೇಡ.

ಇದರಲ್ಲೇ ಬಹಳ ಜನ ಆಪರೇಷನ್ ತಪ್ಪಿಸ್ಕೊಳ್ತಾರೆ. ನಾನು ತಪ್ಪಿಸ್ಕೊಳ್ಳಲಿಲ್ಲ, ಯಾಕಂದ್ರೆ ಮಾಂಸ ಕರಗೋಕೆ ಶುರುವಾದ್ಮೇಲೆ ಅಥವಾ ಕೈ ದಿನೇ ದಿನೇ ಸೋಲ್ತಿದ್ರೆ ಕಾಯ್ತಾ ಕೂರೋ ಹಾಗಿಲ್ಲ. ಕಾಲರ್ ಬೋನ್ ಮೇಲೆ ಕೊಯ್ದು ಎಕ್ಸ್‌ಟ್ರಾ ಪಕ್ಕೆಲುಬು, ಅದರ ತುದಿಯಿಂದ ಹಗ್ಗದ ಥರ ಬಿಗಿದಿದ್ದ ನಾರು, ಮುಂದಿನ ಸ್ಕೇಲೀನ್ ಎಲ್ಲಾ ತೆಗೆದ್ರು. ಕೆಲವರಿಗೆ ಕಂಕುಳಿಂದ ಹೋಗಿ ಮೊದಲನೇ ಪಕ್ಕೆಲುಬು ತೆಗೀತಾರೆ. ಸಣ್ಣ ಆಪರೇಷನ್ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ, ಶ್ವಾಸಕೋಶದ ಪೊರೆ ತೂತಾಗಬಹುದು, ವಪೆ (ಉಸಿರಾಟಕ್ಕೆ ಬೇಕಾದ, ಎದೆ ಹೊಟ್ಟೆ ನಡುವಿನ ಸ್ನಾಯು) ಆಡಿಸೋ ನರಕ್ಕೆ, ಕೈ ನರಕ್ಕೇ ಪೆಟ್ಟಾಗಬಹುದು, ದೊಡ್ಡ ರಕ್ತನಾಳ ಪಕ್ಕದಲ್ಲೇ ಇರತ್ತೆ, ಇಂಥ ಎಷ್ಟು ಆಪರೇಷನ್ ಮಾಡಿದೀರಿ ಅಂತ ಸರ್ಜನ್ನಿಗೆ ನೇರವಾಗಿ ಕೇಳಿ, ನಾನು ಕೇಳಿದ್ದಕ್ಕೆ ಅವರೇನೂ ಬೇಜಾರು ಮಾಡ್ಕೊಳ್ಳಲಿಲ್ಲ. ನೋವು, ಜೋಮು ಮುಕ್ಕಾಲು ಪಾಲು ಹೋಯ್ತು. ಹೆಬ್ಬೆರಳ ಬುಡದ ಮಾಂಸ ಮಾತ್ರ ವಾಪಸ್ ಬರಲಿಲ್ಲ, ಬರಲ್ಲ ಅಂತ ಮೊದಲೇ ಹೇಳಿದ್ರು. ಈಗ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೀತೀನಿ, ಹಿಂದಿನ ಬೆಂಚಿನೋರು ಕಾಣಲ್ಲ ಸಾರ್ ಅಂತ ಎದ್ದು ನಿಲ್ತಾರೆ.

ಡಾಪ್ಲರ್ ಮಾಡಿಸಿ ರಿಪೋರ್ಟಲ್ಲಿ ಏನಿದೆ ಅಂತ ಇಲ್ಲೇ ಕೆಳಗೆ ಹಾಕಿ. ಡಾಕ್ಟ್ರ ಹತ್ರ ಹೋದಾಗ ನರ ಒತ್ತಿದೆ ಅಂತ ಶುರು ಮಾಡಬೇಡಿ, "ಕಳೆದ ವಾರ ಇಡೀ ಕೈ ಊದಿ ನೀಲಿ ಆಗಿತ್ತು" ಅಂತಾನೇ ಮೊದಲು ಹೇಳಿ.