ಐ5-7400 ಇರುವ ಕಂಪ್ಯೂಟರಿಗೆ ವಿಂಡೋಸ್ 11: ಮದರ್‌ಬೋರ್ಡ್ ಬದಲಿಸಬೇಕೆ?

ಐ5-7400 ಪ್ರೊಸೆಸರಿನ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇನ್‌ಸ್ಟಾಲ್ ಆಗುತ್ತಿಲ್ಲ, ಕಲಬುರಗಿಯ ಅಂಗಡಿಯವರು ಮದರ್‌ಬೋರ್ಡ್ ಮುಂತಾದವನ್ನು ಬದಲಿಸಲು ಹೇಳುತ್ತಾರೆ, ಮಾಹಿತಿ ಹೊರಗೆ ಹೋಗುವ ಆತಂಕವೂ ಇದೆ, ಏನು ಮಾಡಲಿ ಎಂದು ಕೇಳಿದ್ದೀರಿ. ವಿಂಡೋಸ್ 11 ಇನ್‌ಸ್ಟಾಲ್ ಆಗದಿರುವುದಕ್ಕೆ ಕಾರಣ ಬಹುಮಟ್ಟಿಗೆ ಪ್ರೊಸೆಸರೇ: ನಿಮ್ಮ ಐ5-7400 ಮೈಕ್ರೋಸಾಫ್ಟ್‌ನ ವಿಂಡೋಸ್ 11ಕ್ಕೆ ಒಪ್ಪಿದ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ, ಆದ್ದರಿಂದ ಬಯೋಸ್‌ನಲ್ಲಿ (ಕಂಪ್ಯೂಟರ್ ಆರಂಭವಾಗುವಾಗಿನ ಸೆಟ್ಟಿಂಗಿನಲ್ಲಿ) ಟಿಪಿಎಂ ಎಂಬ ಭದ್ರತಾ ಸೌಲಭ್ಯವನ್ನು ಆನ್ ಮಾಡಿದರೂ ಪ್ರಯೋಜನವಾಗದು. ಆದರೆ ಮಾಹಿತಿ ಹೊರಗೆ ಹೋಗುತ್ತದೆ ಎಂಬುದೇ ನಿಮ್ಮ ಮುಖ್ಯ ಆತಂಕವಾಗಿದ್ದರೆ, ಕಲಬುರಗಿಯ ಅಂಗಡಿಯವರು ಹೇಳಿದಂತೆ ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮೂರನ್ನೂ ಬದಲಿಸಿದರೂ ಅದು ಬಗೆಹರಿಯುವುದಿಲ್ಲ. ವಿಂಡೋಸಿನ ಹೋಮ್ ಆವೃತ್ತಿಯಲ್ಲಿ ಐಚ್ಛಿಕ ಡಯಾಗ್ನಾಸ್ಟಿಕ್ ಡೇಟಾವನ್ನು (ಮೈಕ್ರೋಸಾಫ್ಟಿಗೆ ಹೋಗುವ ಮಾಹಿತಿ) ನಿಲ್ಲಿಸಬಹುದೇ ಹೊರತು ಕಡ್ಡಾಯವಾದದ್ದನ್ನಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಬಳಸಿ ನೋಡಬಹುದು.

ಮೊದಲು ಎಲ್ಲ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡಿಗೆ (ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರ ರೂಪ) ಪರಿವರ್ತಿಸಿಕೊಳ್ಳಿ. ಇದನ್ನು ಮರೆತವರೇ ಆಮೇಲೆ ಹೆಚ್ಚು ಪರದಾಡುತ್ತಾರೆ. ಬಳಿಕ ಲಿನಕ್ಸ್ ಮಿಂಟನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರ್ ಆನ್ ಆಗುತ್ತಲೇ ಎಫ್11 ಅಥವಾ ಎಫ್12 ಒತ್ತಿ (ಮದರ್‌ಬೋರ್ಡಿಗೆ ತಕ್ಕಂತೆ ಬದಲಾಗುತ್ತದೆ) ಅದರಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆಯೇ ಪ್ರಿಂಟರ್, ವೈಫೈ ಎರಡನ್ನೂ ಪರೀಕ್ಷಿಸಿ. ವೈಫೈ ಡಾಂಗಲ್ಲಿನ ಚಿಪ್ ಯಾವುದೆಂದು ನೀವು ಬರೆದಿಲ್ಲ. ಕೆಲವು ರಿಯಲ್‌ಟೆಕ್ ಚಿಪ್‌ಗಳು ತೊಂದರೆ ಕೊಡುತ್ತವೆ, ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಇಂಟರ್ನೆಟ್ ಪಡೆದು ಡ್ರೈವರ್ ಹಾಕಿಕೊಳ್ಳಬಹುದು.

ಎಲ್ಲವೂ ಸರಿಯಿದ್ದರೆ ಒಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕ್) ಮಾತ್ರ ಕೊಂಡು, ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಫೈಲುಗಳನ್ನು ಓದಲಾಗದಂತೆ ಮಾಡುವ ವ್ಯವಸ್ಥೆ) ಆಯ್ಕೆ ಮಾಡಿ, ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.