ಬೈಪಾಸ್ ಆದಮೇಲೆ ರಕ್ತದ ಕ್ಯಾಲ್ಸಿಯಂ ನಾರ್ಮಲ್ ಇದ್ದರೆ ಮಾತ್ರೆ ಬಿಡಬಹುದೇ?

ಬಿಡಬೇಡಿ. ಕಾರವಾರದ ನಿಮ್ಮ ಅಕ್ಕನಿಗೆ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿದೆ, ರಿಪೋರ್ಟ್ ಚೆನ್ನಾಗಿದೆ ಎಂದಿದ್ದೀರಿ. ಆ ರಿಪೋರ್ಟ್ ಮೂಳೆಯ ಸ್ಥಿತಿ ಹೇಳುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತಿದ್ದಂತೆ ಪ್ಯಾರಾಥೈರಾಯ್ಡ್ ಹಾರ್ಮೋನ್ (ಪಿಟಿಎಚ್) ಏರಿ, ಮೂಳೆಯಿಂದಲೇ ತೆಗೆದು ಲೆಕ್ಕ ಸರಿಮಾಡುತ್ತದೆ, ಠೇವಣಿ ಮುರಿದು ಮನೆಖರ್ಚು ತೂಗಿಸಿದ ಹಾಗೆ. ವಿಟಮಿನ್ ಡಿ, ಪಿಟಿಎಚ್ ಕೂಡ ನೋಡಿಸಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಯಾವಾಗ ಎಂದು ವೈದ್ಯರನ್ನು ಕೇಳಿ.

ಬೈಪಾಸ್‌ನಲ್ಲಿ ಆಹಾರ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್ ಮುಟ್ಟದೆ ಮುಂದೆ ಹೋಗುತ್ತದೆ. ಕ್ಯಾಲ್ಸಿಯಂ ಚೆನ್ನಾಗಿ ಹೀರುವ ಜಾಗವೇ ಅದು. ಜಠರದ ಆಮ್ಲವೂ ಕಡಿಮೆ. ಹಾಗಾಗಿ ಕರಗಲು ಆಮ್ಲ ಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಮಾತ್ರೆ ಮೇಲು. ಆಹಾರವೂ ಸೇರಿ ದಿನಕ್ಕೆ 1200–1500 ಮಿ.ಗ್ರಾಂ ಬೇಕು, ಒಂದು ಸಲಕ್ಕೆ 500–600 ಮೀರದಂತೆ. ಕಬ್ಬಿಣದ ಮಾತ್ರೆಗೂ ಇದಕ್ಕೂ 2 ಗಂಟೆ ಅಂತರ ಇರಲಿ. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ನುಂಗಿ ಕೈತೊಳೆದುಕೊಳ್ಳುವವರೇ ಜಾಸ್ತಿ!

ತಾರ್ಲೆ ಮೀನನ್ನು ಮುಳ್ಳು ಮೆತ್ತಗಾಗುವಷ್ಟು ಕುಕ್ಕರಿನಲ್ಲಿ ಬೇಯಿಸಿ, ಚೆನ್ನಾಗಿ ಅಗಿದು ಮುಳ್ಳುಸಮೇತ ತಿಂದರೆ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಸಿಗುತ್ತವೆ. ಬರೀ ಗಂಜಿ ಸಾಲದು. ಟ್ಯಾಗೋರ್ ಬೀಚಿನ ವಾಕಿಂಗ್ ಒಳ್ಳೆಯದೇ, ಜೊತೆಗೆ ವೈದ್ಯರು ಒಪ್ಪಿದರೆ ಭಾರ ಎತ್ತುವ ವ್ಯಾಯಾಮವೂ ಇರಲಿ. ಈಜಿನಿಂದ ಮೂಳೆಗೆ ಅಷ್ಟೇನೂ ಲಾಭವಿಲ್ಲ.