ಟೆರೇಸ್ ಮೇಲೆ ನಾಲ್ಕು ಸಂಜೆ ನಗೆ ಸಿನಿಮಾ: ಯಾವ ಎರಡನೇ ಭಾಗ ಹಾಕಬೇಕು, ಯಾವುದು ಬಿಡಬೇಕು

ಅಕ್ಕಾರೆ, ನಿಮ್ಮ ಪ್ರಶ್ನೆಯನ್ನ ಮೇಲೇ ಬರೀತೀನಿ, ಆಮೇಲೆ ಓದೋರಿಗೂ ಗೊತ್ತಾಗಲಿ. ದಸರಾ ರಜೆಗೆ ದಾವಣಗೆರೆ ವಿದ್ಯಾನಗರದ ಮನೆಗೆ ಹದಿನೆಂಟು ಜನ ಬರ್ತಾರೆ, ಎಂಟು ವರ್ಷದ ಮಕ್ಕಳಿಂದ ಹಿಡಿದು ಎಂಬತ್ತರ ಅಜ್ಜಿವರೆಗೆ. ನಾಲ್ಕು ಸಂಜೆ ಟೆರೇಸ್ ಮೇಲೆ ನಗೆ ಸಿನಿಮಾ. ಮೊದಲ ಭಾಗ ಒಂದು ದಿನ, ಎರಡನೇ ಭಾಗ ಮರುದಿನ ಹಾಕಿದರೆ ಎರಡನೆಯದೂ ಅಷ್ಟೇ ನಗಿಸ್ತದಾ ಅಂತ ಕೇಳಿದ್ದೀರಿ.

ಜೋಡಿ ಲೆಕ್ಕ ಬಿಡ್ರಿ. ಗಣೇಶನ ಮದುವೆ, ಹೋಮ್ ಅಲೋನ್ ಮೊದಲನೆಯದು, ಪ್ಯಾಡಿಂಗ್ಟನ್ 2, ಲಗೇ ರಹೋ ಮುನ್ನಾಭಾಯಿ, ಈ ನಾಲ್ಕು ಸಾಕು. ಇದರಲ್ಲಿ ಕೊನೆಯ ಎರಡೂ ಎರಡನೇ ಭಾಗಗಳೇ. ಮೊದಲನೆಯದನ್ನ ನೋಡದವರಿಗೂ ಒಂದು ಎಳೆ ತಪ್ಪಲ್ಲ.

ಕನ್ನಡದಲ್ಲಿ ‘ಭಾಗ 2’ ಅನ್ನೋದು ಬಹಳ ಸಲ ಬರೀ ಬೋರ್ಡು. ಬೇರೆ ಊರಲ್ಲಿ ‘ದಾವಣಗೆರೆ ಬೆಣ್ಣೆದೋಸೆ’ ಅಂತ ಬರೆದಿರ್ತಾರಲ್ಲ, ಹಂಗೆ: ಹೆಸರು ನಮ್ಮದು, ಕಾವಲಿ ಅವರದು. ಶರಣ್ ಅವರ ಅಧ್ಯಕ್ಷ (2014) ತಮಿಳಿನ ವರುತ್ತಪಡಾದ ವಾಲಿಬರ್ ಸಂಘಂ ರೀಮೇಕ್. ಅಧ್ಯಕ್ಷ ಇನ್ ಅಮೆರಿಕ (2019) ಮಲಯಾಳಂನ ಟೂ ಕಂಟ್ರೀಸ್ ರೀಮೇಕ್. ಬೇರೆ ಬೇರೆ ಭಾಷೆಯ ಎರಡು ಕಥೆಗೆ ಒಂದೇ ಹೆಸರು ಅಂಟಿಸಿದ್ದು; ಮೊದಲನೆಯದರ ಊರು, ಜನ ಎರಡನೆಯದರಲ್ಲಿ ಹುಡುಕಬೇಡ್ರಿ. ರ‍್ಯಾಂಬೊ (2012) ಮತ್ತು ರ‍್ಯಾಂಬೊ 2 (2018), ವಿಕ್ಟರಿ (2013) ಮತ್ತು ವಿಕ್ಟರಿ 2 (2018), ಎರಡೂ ಜೋಡಿಯಲ್ಲಿ ನಿರ್ದೇಶಕರು ಬದಲಾಗಿದ್ದಾರೆ. ಹರೆಯದವರು ಕೂತು ನಕ್ಕು ಎದ್ದು ಹೋಗೋಕೆ ಅಡ್ಡಿಯಿಲ್ಲ. ಆದರೆ ಡಬಲ್ ಮೀನಿಂಗ್ ಮಾತು ಅಲ್ಲಲ್ಲಿ ಬರ್ತದೆ, ಅಜ್ಜಿ ಪಕ್ಕ ಮೊಮ್ಮಕ್ಕಳು ಕೂತಾಗ ಯಾರಾದ್ರೂ ರಿಮೋಟ್ ಹುಡುಕ್ತಾರೆ. ಮನೆಮಂದಿ ಪಟ್ಟಿಯಿಂದ ಹೊರಗಿಡ್ರಿ.

ಗಣೇಶನ ಮದುವೆ (1990), ಗೌರಿ ಗಣೇಶ (1991), ಗಣೇಶ ಸುಬ್ರಹ್ಮಣ್ಯ (1992) ಮೂರೂ ಫಣಿ ರಾಮಚಂದ್ರ ಅವರದು, ಮೂರರಲ್ಲೂ ಅನಂತ್ ನಾಗ್. ಹೆಸರಲ್ಲಿ ಗಣೇಶ ಇದ್ದಾನೆ ಅಂತ ಒಂದರ ಮುಂದುವರಿಕೆ ಇನ್ನೊಂದಲ್ಲ. ಗಣೇಶನ ಮದುವೆಯದು ವಠಾರದ ಕಥೆ. ಗೌರಿ ಗಣೇಶದಲ್ಲಿ ಅನಂತ್ ನಾಗ್ ಲಂಬೋದರ ಅನ್ನೋ ಮಾತುಗಾರ ಮೋಸಗಾರ, ಗಣೇಶ ಮಾಸ್ಟರ್ ಆನಂದ್ ಮಾಡಿದ ಪುಟ್ಟ ಹುಡುಗ. ಅದಕ್ಕೇ ಇವು ಒಂದಕ್ಕೊಂದು ಸೋತಿಲ್ಲ: ನಿರ್ದೇಶಕರು ನಟನನ್ನೂ ಧಾಟಿಯನ್ನೂ ಉಳಿಸಿಕೊಂಡು ಕಥೆಯ ಗಂಟನ್ನ ಮಾತ್ರ ಹೊಸದಾಗಿ ಹಾಕಿದರು. ಯಾವ ಕ್ರಮದಲ್ಲಿ ಬೇಕಾದರೂ ಹಾಕ್ರಿ. ಹದಿನೆಂಟು ಜನ ಒಂದೇ ಮನೇಲಿ ಇರೋ ವಾರಕ್ಕೆ ವಠಾರದ ಜಗಳಕ್ಕಿಂತ ಒಳ್ಳೇದು ಬೇಕಾ? ಕುರಿಗಳು ಸಾರ್ ಕುರಿಗಳು, ಕೋತಿಗಳು ಸಾರ್ ಕೋತಿಗಳು, ಕತ್ತೆಗಳು ಸಾರ್ ಕತ್ತೆಗಳು ಸರಣಿಯದೂ ಇದೇ ಲೆಕ್ಕ, ರಾಜೇಂದ್ರ ಸಿಂಗ್ ಬಾಬು ಅವರದು, ಮೂರೂ ಬಿಡಿ ಚಿತ್ರಗಳು.

ಈಗ ಹೋಮ್ ಅಲೋನ್, ಮನೆಯವರು ಮರೆತು ಬಿಟ್ಟುಹೋದ ಹುಡುಗ ಕೆವಿನ್ ಒಬ್ಬನೇ ಕಳ್ಳರನ್ನ ಎದುರಿಸೋ ಕಥೆ. 1990ರದು 103 ನಿಮಿಷ, 1992ರದು 120. ಎರಡಕ್ಕೂ ಜಾನ್ ಹ್ಯೂಸ್ ಬರೆದದ್ದು, ಕ್ರಿಸ್ ಕೊಲಂಬಸ್ ನಿರ್ದೇಶನ, ಹುಡುಗನೂ ಅವನೇ, ಕಳ್ಳರೂ ಅವರೇ. ಆದರೂ ಎರಡನೆಯದು ಒಂದು ಮೆಟ್ಟಿಲು ಕೆಳಗೆ. ಯಾಕಂದ್ರೆ ಪ್ರತಿ ಮಜಲಿಗೂ ಅಚ್ಚು ಒತ್ತಿದಾರೆ. ಮೊದಲನೆಯದರಲ್ಲಿ ಹೆದರಿಸೋ ನೆರೆಮನೆ ಮುದುಕ, ಎರಡನೆಯದರಲ್ಲಿ ಪಾರಿವಾಳದ ಹೆಂಗಸು. ಅಲ್ಲೊಂದು ಟಿವಿ ಸಿನಿಮಾದ ಗುಂಡಿನ ಸದ್ದು, ಇಲ್ಲೂ ಅದೇ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮೊದಲನೆಯದರಲ್ಲಿ ಕಳ್ಳರು ಕೆವಿನ್‌ನ ಮನೆಗೇ ನುಗ್ಗುತ್ತಾರೆ. ಬಾಗಿಲ ಹಿಡಿ ಕಾಯಿಸೋದು, ಮೆಟ್ಟಿಲ ಮೇಲಿಂದ ಪೇಂಟ್ ಡಬ್ಬಿ ಬಿಡೋದು ಎಲ್ಲ ತನ್ನ ಮನೆ ಉಳಿಸಿಕೊಳ್ಳೋಕೆ. ಎರಡನೆಯದರಲ್ಲಿ ಊರಲ್ಲಿಲ್ಲದ ಚಿಕ್ಕಪ್ಪನ, ರಿಪೇರಿಗೆ ಬಿಟ್ಟ ಖಾಲಿ ಮನೆಗೆ ಅವನೇ ಅವರನ್ನ ಎಳೆದು ತರ್ತಾನೆ, ಚಾವಣಿಯಿಂದ ಒಂದರ ಮೇಲೊಂದು ಇಟ್ಟಿಗೆ ಎಸೀತಾನೆ. ಏಟು ಜಾಸ್ತಿ ಆಯ್ತು, ಏಟಿನ ಕಾರಣ ಕಮ್ಮಿ ಆಯ್ತು. ಮಕ್ಕಳು ಎರಡಕ್ಕೂ ನಗ್ತಾರೆ, ದೊಡ್ಡವರ ನಗು ಮೂರನೇ ಇಟ್ಟಿಗೆಗೆ ನಿಲ್ತದೆ. (ಪ್ಲಾಜಾ ಹೋಟೆಲಲ್ಲಿ ಹುಡುಗನಿಗೆ ದಾರಿ ತೋರಿಸೋನು ಡೊನಾಲ್ಡ್ ಟ್ರಂಪ್. ಅದೊಂದಕ್ಕೆ ನೋಡ್ತೀವಿ ಅಂದ್ರೆ ಹಗಲು ಹೊತ್ತಲ್ಲಿ ಟಿವಿಲಿ ನೋಡ್ರಿ.) 1997ರ ಮೂರನೆಯದರಲ್ಲಿ ಹುಡುಗನೇ ಬೇರೆ, ಅದು ಬೇಡ. ಮೊದಲನೆಯದನ್ನ ಹಾಕೋ ಮುಂಚೆ ಹೇಳಿಬಿಡ್ರಿ, ಬಲೆ ಬೀಸೋ ಆಟ ಶುರು ಆಗೋದು ಕೊನೆಯ ಅರ್ಧ ಗಂಟೆಗೆ. ಇಲ್ಲದಿದ್ರೆ ಚಿಕ್ಕವು ಮಧ್ಯದಲ್ಲೇ ಕೆಳಗೆ ಓಡ್ತಾವೆ. ಇಂಗ್ಲಿಷ್ ಬಾರದ ಅಜ್ಜಿಗೂ ಆ ಅರ್ಧ ಗಂಟೆಗೆ ಯಾರೂ ಅರ್ಥ ಹೇಳಬೇಕಾಗಿಲ್ಲ.

ಮೊದಲನೆಯದಕ್ಕಿಂತ ಎರಡನೆಯದೇ ಮೇಲು ಅಂತ ಕಣ್ಣುಮುಚ್ಚಿ ಹೇಳಬಹುದಾದ್ದು ಪ್ಯಾಡಿಂಗ್ಟನ್ 2 (2017), ಪಾಲ್ ಕಿಂಗ್ ಅವರದು. ಮೊದಲನೆಯದರಲ್ಲಿ (2014) ಪ್ಯಾಡಿಂಗ್ಟನ್ ಅನ್ನೋ ಕರಡಿಗೆ ಮನೆ ಸಿಕ್ಕಬೇಕು ಅನ್ನೋದೇ ಚಿಂತೆ. ಎರಡನೆಯದರಲ್ಲಿ ಮನೆ ಸಿಕ್ಕಾಗಿದೆ. ಲೂಸಿ ಅತ್ತೆಯ ನೂರನೇ ಹುಟ್ಟುಹಬ್ಬಕ್ಕೆ ಒಂದು ಪುಸ್ತಕ ಕೊಳ್ಳೋಕೆ ಹೋಗಿ ಮಾಡದ ಕಳ್ಳತನಕ್ಕೆ ಜೈಲು ಸೇರ್ತದೆ. ಬಟ್ಟೆ ಒಗೆಯೋ ಕೆಲಸ ಕೊಟ್ಟರೆ ಒಂದು ಕೆಂಪು ಕಾಲುಚೀಲ ಸೇರಿಕೊಂಡು ಇಡೀ ಜೈಲಿನ ಸಮವಸ್ತ್ರ ಗುಲಾಬಿ. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಮನೆಯವರ ಹವ್ಯಾಸ ಹೇಳ್ತಾರೆ, ಗಮನ ಇಟ್ಟು ನೋಡ್ರಿ: ಅಮ್ಮನಿಗೆ ಈಜು, ಅಪ್ಪನಿಗೆ ಯೋಗ, ಮಗನಿಗೆ ಉಗಿಬಂಡಿ ಹುಚ್ಚು. ಸುಮ್ನೆ ತಮಾಷೆಗೆ ಅನ್ನಿಸ್ತದೆ. ಕೊನೆಗೆ ರೈಲಿನ ಬೆನ್ನಟ್ಟುವಿಕೆಯಲ್ಲಿ ಒಂದೊಂದೂ ಕೆಲಸಕ್ಕೆ ಬರ್ತದೆ, ಅಪ್ಪನ ಕಾಲು ಎರಡು ರೈಲಿನ ನಡುವೆ ಚಾಚಿಕೊಂಡಿರೋದೂ ಸೇರಿ. ಮೂರನೆಯದಕ್ಕೆ (2024) ನಿರ್ದೇಶಕರು ಬದಲು, ಕರಡಿ ಪೆರುವಿಗೆ ಹೋಗ್ತದೆ. ನೋಡಬಹುದು, ಆದರೆ ಆ ಬಿಗಿ ಇಲ್ಲ.

ಮುನ್ನಾಭಾಯಿ ವಿಷಯ ವಿಚಿತ್ರ. ರಾಜಕುಮಾರ್ ಹಿರಾನಿ 2003ರ ಮುನ್ನಾಭಾಯಿ ಎಂ.ಬಿ.ಬಿ.ಎಸ್. ಚಿತ್ರದ ಮುನ್ನಾನನ್ನೂ ಅವನ ಬಂಟ ಸರ್ಕಿಟ್‌ನನ್ನೂ 2006ರ ಲಗೇ ರಹೋಗೆ ತಂದರು, ಉಳಿದದ್ದೆಲ್ಲ ಅಳಿಸಿಬಿಟ್ಟರು. ಮೆಡಿಕಲ್ ಕಾಲೇಜಿನ ಸುದ್ದಿಯೇ ಇಲ್ಲ. ಮೊದಲ ಭಾಗದಲ್ಲಿ ಡೀನ್ ಆಗಿದ್ದ ಬೊಮನ್ ಇರಾನಿ ಇಲ್ಲಿ ವೃದ್ಧರ ಮನೆ ಕಬಳಿಸೋ ಲಕ್ಕಿ ಸಿಂಗ್. ಮಕ್ಕಳು ‘ಇವರು ಡಾಕ್ಟರಲ್ವಾ’ ಅಂತ ಖಂಡಿತ ಕೇಳ್ತಾರೆ. ಮನುಷ್ಯ ಅದೇ, ತೊಂದರೆ ಪೂರ್ತಿ ಹೊಸದು, ಅದಕ್ಕೇ ನಿಂತಿದೆ. ಎರಡೂವರೆ ಗಂಟೆ ಹತ್ತಿರ ಬರ್ತದೆ, ಒಂದು ಬಿಡುವು ಕೊಡ್ರಿ. ಅಜ್ಜಿಗೆ ಹಿಂದಿ ಬಾರದಿದ್ರೆ ಮೊದಲ ಭಾಗದ ಕನ್ನಡ ರೂಪ ಉಪ್ಪಿದಾದಾ ಎಂ.ಬಿ.ಬಿ.ಎಸ್. ಹಾಕಬಹುದು.

ಈ ಚರ್ಚೆಯಲ್ಲಿ ಇನ್ನೊಬ್ಬರು ಹೇರಾ ಫೇರಿ ಜೋಡಿ ಹೇಳಿದ್ರು. 2000ದ ಪ್ರಿಯದರ್ಶನ್ ಚಿತ್ರ ಬಂಗಾರ, ಬಾಡಿಗೆ ಕಟ್ಟೋಕೆ ದುಡ್ಡಿಲ್ಲದ ಇಬ್ಬರು, ಅವರ ಮನೆ ಮಾಲೀಕ ಬಾಬೂರಾವ್, ಈ ಮೂವರ ಪರದಾಟದಿಂದಲೇ ನಗು ಹುಟ್ಟೋದು. 2006ರ ಫಿರ್ ಹೇರಾ ಫೇರಿ ಅವರನ್ನ ಸಾಹುಕಾರರಾಗಿಸಿ ಶುರು ಮಾಡ್ತದೆ, ಆಮೇಲೆ ದುಡ್ಡು ಕಳೆಸ್ತದೆ. ಅಷ್ಟೊತ್ತಿಗೆ ಬಾಬೂರಾವ್ ಮನುಷ್ಯನಾಗಿ ಉಳಿಯದೆ ಮಿಮಿಕ್ರಿ ಆಗಿಬಿಟ್ಟಿರ್ತಾನೆ. ಮೊದಲನೆಯದು ಮಾತ್ರ ಹಾಕ್ರಿ.

ಬೇರೆ ಯಾವುದೇ ಜೋಡಿ ಆಯ್ಕೆ ಮಾಡುವಾಗ ಬರೆದವರು, ನಿರ್ದೇಶಿಸಿದವರು ಅದೇ ಜನವಾ ಅಂತ ಟೈಟಲ್ ಕಾರ್ಡಲ್ಲಿ ನೋಡ್ರಿ. ಆಮೇಲೆ ಮೊದಲ ಇಪ್ಪತ್ತು ನಿಮಿಷ ಒಬ್ಬರೇ ಕೂತು ನೋಡ್ರಿ. ಹಳೇ ಜೋಕಿಗೆ ಪಾತ್ರಗಳೇ ಚಪ್ಪಾಳೆ ತಟ್ಟಿಕೊಳ್ತಿದ್ರೆ ಅಲ್ಲೇ ನಿಲ್ಲಿಸ್ರಿ.

ಇನ್ನು ಟೆರೇಸ್ ಕೆಲಸ. ಪರದೆ 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ ಸಾಕು. ಕೆಳ ಅಂಚು ನೆಲದಿಂದ ಮೂರೂವರೆ ಅಡಿ ಮೇಲಿರಲಿ, ಚಾಪೆ ಮೇಲಿನ ಮಕ್ಕಳ ತಲೆ ಅಡ್ಡ ಬರಲ್ಲ. ಒಂಟಿ ಬೆಡ್‌ಶೀಟ್ ಆದ್ರೆ ಒಂದಷ್ಟು ಬೆಳಕು ಹಿಂದಕ್ಕೆ ಸೋರಿ ಚಿತ್ರ ಮಂಕಾಗ್ತದೆ, ಬಿಳಿ ಬಟ್ಟೆ ಎರಡು ಪದರ ಹೊಲಿಸ್ರಿ. ಹೊಳಪಿನ ಫ್ಲೆಕ್ಸ್ ಬೇಡ, ನಡುವೆ ದೀಪದ ಗುಡ್ಡೆ ಕಾಣ್ತದೆ. ಸಂಜೆ ಗಾಳಿಗೆ ಪರದೆ ಹಾಯಿಪಟ ಆಗದಂಗೆ ಕೆಳಗೆ ಮರಳು ತುಂಬಿದ ಪಿವಿಸಿ ಪೈಪ್ ಸೇರಿಸಿ, ನಾಲ್ಕೂ ಕಡೆ ಹಗ್ಗದಲ್ಲಿ ಬಿಗೀರಿ. ಪ್ಯಾರಾಪೆಟ್‌ಗೆ ಅಂಟಿಸಬೇಡ್ರಿ, ಹಿಂದೆ ಒಂದೆರಡು ಅಡಿ ಗಾಳಿ ಓಡಾಡಲಿ.

ಪ್ರೊಜೆಕ್ಟರ್ ಬಾಡಿಗೆಗೆ ತರುವಾಗ ‘ಆನ್ಸಿ ಲುಮೆನ್ಸ್ ಎಷ್ಟು’ ಅಂತಲೇ ಕೇಳ್ರಿ, ಅದು ಬೆಳಕಿನ ಪ್ರಮಾಣಿತ ಅಳತೆ. ಅಗ್ಗದ ಪೆಟ್ಟಿಗೆ ಮೇಲೆ ಬರೆದ ದೊಡ್ಡ ಅಂಕಿ ಬೇರೆ ಲೆಕ್ಕದ್ದು. ಕತ್ತಲಾದ ಮೇಲೆ 8 ಅಡಿಗೆ 2500ರಿಂದ 3000 ಇದ್ರೆ ಚೆನ್ನ. ಥ್ರೋ ರೇಶಿಯೊ (ಪರದೆ ಅಗಲದ ಎಷ್ಟು ಪಟ್ಟು ದೂರ ಇಡಬೇಕು ಅನ್ನೋ ಲೆಕ್ಕ) 1.5 ಇದ್ರೆ ಪರದೆಯಿಂದ 12 ಅಡಿ ದೂರ ಇಡಬೇಕು, ಅಂದ್ರೆ ಜನರ ನಡುವೆಯೇ ಬರ್ತದೆ. ಎತ್ತರದ ಸ್ಟೂಲ್ ಮೇಲಿಟ್ಟು ವೈರು ಚಾಪೆ ಅಡಿಯಲ್ಲಿ ಹಾಯಿಸ್ರಿ. ಲ್ಯಾಂಪಿನ ಪ್ರೊಜೆಕ್ಟರ್ ಆದ್ರೆ ಇನ್ವರ್ಟರ್ ಲೈನಿಗೇ ಕೊಡ್ರಿ. ದಿಢೀರ್ ಕರೆಂಟ್ ಹೋದಾಗ ಫ್ಯಾನ್ ನಿಂತು ಕಾದ ಲ್ಯಾಂಪು ತಣಿಯಲ್ಲ, ಬೇಗ ಹಾಳಾಗ್ತದೆ.

ನಗೆ ಸಿನಿಮಾ ಕೆಡೋದು ಬಹುಮಟ್ಟಿಗೆ ಸೌಂಡಿಂದ. 5.1 ಆಡಿಯೊ (ಆರು ಸ್ಪೀಕರಿಗೆ ಹಂಚಿದ ಸದ್ದು) ಎರಡು ಸ್ಪೀಕರಿಗೆ ಸರಿಯಾಗಿ ಇಳಿಯದಿದ್ರೆ ಸಂಗೀತ ಜೋರು, ಮಾತು ಪಿಸುಪಿಸು. ಸೆಟ್ಟಿಂಗಲ್ಲಿ ಸ್ಟೀರಿಯೊ ಆರಿಸ್ರಿ. ಸ್ಪೀಕರ್ ಪರದೆಯ ಎರಡೂ ಪಕ್ಕ, ಕೂತವರ ಕಿವಿಗಿಂತ ಸ್ವಲ್ಪ ಮೇಲೆ. ಬ್ಲೂಟೂತ್ ಬೇಡ, ತುಟಿ ಒಂದು ಕಡೆ, ಮಾತು ಒಂದು ಕಡೆ ಆಗ್ತದೆ. ಆಕ್ಸ್ ವೈರ್ ಹಾಕ್ರಿ. ಮಂಡಕ್ಕಿ, ಮಿರ್ಚಿ ಬಿಡುವಿನಲ್ಲಿ ಮಾತ್ರ. ಹದಿನೆಂಟು ಬಾಯಿ ಒಟ್ಟಿಗೆ ನರ್ಗಿಸ್ ಮಂಡಕ್ಕಿ ಕುರುಕಿದ್ರೆ ಅನಂತ್ ನಾಗ್ ಮಾತು ಯಾರಿಗೂ ಕೇಳಲ್ಲ.

ಮಳೆ ಬಿದ್ದ ಮರುದಿನ ದೀಪದ ಹುಳ ಪರದೆಗೆ ಮುತ್ತುತ್ತಾವೆ, ಟೆರೇಸಿನ ಇನ್ನೊಂದು ಮೂಲೆಯಲ್ಲಿ ಒಂದು ಬಲ್ಬು ಉರಿಸಿಡ್ರಿ. ಅಕ್ಟೋಬರಲ್ಲಿ ಆರು ಗಂಟೆ ಕಳೀತಿದ್ದಂಗೆ ಸೂರ್ಯ ಮುಳುಗ್ತಾನೆ, 6:45ಕ್ಕೆ ಶುರು ಮಾಡಿದ್ರೆ ಉದ್ದದ ಸಿನಿಮಾನೂ ಬಿಡುವು ಸೇರಿ 9:45ರ ಒಳಗೆ ಮುಗೀತದೆ. ರಾತ್ರಿ 10ರ ಮೇಲೆ ಹೊರಗೆ ಸ್ಪೀಕರ್ ಹಾಕೋಹಂಗಿಲ್ಲ.

ಹಿಂದಿನ ರಾತ್ರಿ ಹತ್ತು ನಿಮಿಷ ಪೂರ್ತಿ ಜೋಡಿಸಿ ಓಡಿಸಿ ನೋಡ್ರಿ. ಒಟಿಟಿ ಆ್ಯಪನ್ನ ಮೊಬೈಲಿಂದ ಮಿರರ್ ಮಾಡಿದ್ರೆ ಬಹಳ ಸಲ ಸೌಂಡ್ ಬರ್ತದೆ, ಚಿತ್ರ ಬರೀ ಕಪ್ಪು. ಪ್ರೊಜೆಕ್ಟರ್ ಕೆಟ್ಟಿದೆ ಅಂತ ಅಂಗಡಿಯವರಿಗೆ ಬೈಬೇಡ್ರಿ, ಅದು ಕಾಪಿ ತಡೆಯೋ ಬೀಗ. ಲ್ಯಾಪ್‌ಟಾಪನ್ನ ಪ್ರೊಜೆಕ್ಟರ್ ಪಕ್ಕದಲ್ಲೇ ಇಟ್ಟು ಎರಡು ಮೀಟರ್‌ನ ಎಚ್‌ಡಿಎಂಐ ವೈರಲ್ಲಿ ನೇರ ಕೊಡ್ರಿ, ನಡುವೆ ಸ್ಪ್ಲಿಟರ್ ಬೇಡ. ಅದೇ ಹೊತ್ತಲ್ಲಿ ಪ್ಯಾಡಿಂಗ್ಟನ್ 2ಕ್ಕೆ ಯಾವ ಭಾಷೆಯ ಆಡಿಯೊ ಇದೆ ಅಂತಾನೂ ನೋಡಿಕೊಳ್ರಿ.